ಒಂದೇ ನಮೂನಿ ಹೆಸರಿನ ಆ್ಯಡ್ ಬ್ಲಾಕರ್‌ಗಳು: ಯಾವುದನ್ನು ನಂಬಬೇಕು?

ಪ್ರಶ್ನೆ: ನಮಸ್ಕಾರ ಸರ್. ಜಮಖಂಡ್ಯಾಗ ನಮ್ದೊಂದು ಆನ್‌ಲೈನ್ ಸೆಂಟರ್ ಐತ್ರಿ. ಉತಾರ, ಸ್ಕಾಲರ್‌ಶಿಪ್ ಅರ್ಜಿ, ಬೆಳೆವಿಮೆ, ದಿನಾ ಇದ ಕೆಲಸ. ಕ್ರೋಮಿನ್ಯಾಗ ಜಾಹೀರಾತು ತಡೆಯೋ ಯುಬ್ಲಾಕ್ ಒರಿಜಿನ್ ಹಾಕಿದ್ದೆ, ಅದು ಬಂದ್ ಆತು. ಈಗ ಫಾರ್ಮ್ ಇಳಿಸ್ಕೊಳ್ಳಾಕ ಹೋದ್ರ ಸುಳ್ಳ ಡೌನ್‌ಲೋಡ್ ಬಟನ್ ಮೂರ್ನಾಕ ಬರ್ತಾವ. ಬ್ಯಾರೆ ಬ್ಲಾಕರ್ ಹುಡುಕಿದ್ರ ಒಂದೇ ನಮೂನಿ ಹೆಸರಿನವು ಸಾಲಾಗಿ ನಿಂತಾವ. ಯಾವುದು ಹಾಕ್ಲಿ?

ಉತ್ತರ: ಸಾಧ್ಯವಿದ್ದರೆ ಸೆಂಟರಿನ ಕೆಲಸವನ್ನು ಫೈರ್‌ಫಾಕ್ಸಿನಲ್ಲಿ ಮಾಡಿ, ಅಲ್ಲಿ ಯುಬ್ಲಾಕ್ ಒರಿಜಿನ್ ಹಾಕಿಕೊಳ್ಳಿ. ಕ್ರೋಮ್ ಬಿಡಲಾಗದಿದ್ದರೆ ಯುಬ್ಲಾಕ್ ಒರಿಜಿನ್ ಲೈಟ್ ಹಾಕಿ. ಎರಡನ್ನೂ ಬರೆದವರು ರೇಮಂಡ್ ಹಿಲ್ ಎಂಬ ಪ್ರೋಗ್ರಾಮರ್. ಕೋಡ್ ಯಾರು ಬೇಕಾದರೂ ತೆರೆದು ನೋಡಬಹುದು, ಅವರು ದೇಣಿಗೆಯನ್ನೂ ತೆಗೆದುಕೊಳ್ಳುವುದಿಲ್ಲ.

ಆದರೆ ಹೆಸರು ಹೇಳಿ ಸುಮ್ಮನಾಗಲು ನನಗೆ ಮನಸ್ಸಿಲ್ಲ, ಏಕೆಂದರೆ ನಿಮ್ಮದು ಮನೆಯ ಕಂಪ್ಯೂಟರ್ ಅಲ್ಲ. ಬ್ಲಾಕರ್ ಹಾಕುವಾಗ ‘ಎಲ್ಲ ವೆಬ್‌ಸೈಟ್‌ಗಳಲ್ಲಿರುವ ನಿಮ್ಮ ಮಾಹಿತಿಯನ್ನು ಓದಲು, ಬದಲಿಸಲು’ ಅನುಮತಿ ಕೇಳುವುದನ್ನು ಗಮನಿಸಿರಬಹುದು. ಜಾಹೀರಾತು ತೆಗೆಯಬೇಕಾದರೆ ಪುಟದೊಳಗೆ ಕೈ ಹಾಕಲೇಬೇಕು, ಹಾಗಾಗಿ ಕೇಳುವುದು ತಪ್ಪಲ್ಲ. ಆದರೆ ಹಳ್ಳಿಯಿಂದ ಬಂದ ಅಜ್ಜ ನಿಮ್ಮನ್ನು ನಂಬಿ ಆಧಾರ್ ನಂಬರ್ ಹೇಳುತ್ತಾನೆ, ಹುಡುಗಿ ಪಾಸ್‌ವರ್ಡ್ ಚೀಟಿಯಲ್ಲಿ ಬರೆದು ಕೊಡುತ್ತಾಳೆ. ನೀವು ಟೈಪ್ ಮಾಡಿದ್ದನ್ನೆಲ್ಲ ಆ ಎಕ್ಸ್‌ಟೆನ್ಶನ್, ಅಂದರೆ ಬ್ರೌಸರಿಗೆ ಸೇರಿಸಿದ ಆ ಸಣ್ಣ ತಂತ್ರಾಂಶ, ನೋಡಬಲ್ಲದು. ಆದ್ದರಿಂದ ಯಾವುದು ಹೆಚ್ಚು ಜಾಹೀರಾತು ತಡೆಯುತ್ತದೆ ಎನ್ನುವುದಕ್ಕಿಂತ ಅದು ಯಾರ ಕೈಯಲ್ಲಿದೆ ಎಂಬುದನ್ನೇ ಮೊದಲು ನೋಡಬೇಕು.

ಇದು ಬರೀ ಹೆದರಿಕೆಯ ಮಾತಲ್ಲ. 2018ರ ಏಪ್ರಿಲ್‌ನಲ್ಲಿ ಕ್ರೋಮ್ ಸ್ಟೋರಿನಲ್ಲಿದ್ದ ಐದು ನಕಲಿ ಬ್ಲಾಕರ್‌ಗಳನ್ನು ಆ್ಯಡ್‌ಗಾರ್ಡ್ ಎಂಬ ಬ್ಲಾಕರ್ ಕಂಪನಿ ಬಯಲಿಗೆಳೆಯಿತು. ಬೇರೆಯವರ ಕೋಡನ್ನು ನಕಲು ಮಾಡಿ, ನಾಲ್ಕು ಸಾಲು ತಮ್ಮದನ್ನು ಸೇರಿಸಿದ್ದರು. ಐದಕ್ಕೂ ಸೇರಿ 2 ಕೋಟಿ ಬಳಕೆದಾರರಿದ್ದರು! ಬಳಕೆದಾರರ ಸಂಖ್ಯೆ, ನಕ್ಷತ್ರ ನೋಡಿ ನಂಬಬೇಡಿ ಎನ್ನುವುದು ಇದಕ್ಕೇ.

ಒಳ್ಳೆಯದೂ ಕೈ ಬದಲಾಗಿ ಕೆಡುತ್ತದೆ. ನ್ಯಾನೊ ಆ್ಯಡ್‌ಬ್ಲಾಕರ್ ಎಂಬುದೊಂದಿತ್ತು, ಬಹಳ ಜನ ಮೆಚ್ಚಿ ಬಳಸುತ್ತಿದ್ದರು. 2020ರಲ್ಲಿ ಅದನ್ನು ಬರೆದವರು ಬೇರೆಯವರಿಗೆ ಮಾರಿದರು. ಹೊಸ ಮಾಲೀಕರ ಅಪ್‌ಡೇಟ್‌ನಲ್ಲಿ ಬಳಕೆದಾರರ ಮಾಹಿತಿ ಹೊರಗೆ ಕಳಿಸುವ ಕೋಡ್ ಸೇರಿತ್ತು. ಕೆಲವರ ಇನ್‌ಸ್ಟಾಗ್ರಾಮ್ ಖಾತೆಯಿಂದ ತಾವು ನೋಡದೇ ಇದ್ದ ಫೋಟೊಗಳಿಗೆ ಲೈಕ್ ಬಿದ್ದವು. ಅಪ್‌ಡೇಟ್ ಕೇಳದೆಯೇ ಬರುತ್ತದೆ, ಅದೇ ಇಲ್ಲಿನ ಅಪಾಯ. ಹಾಗಾಗಿ ಇದ್ದ ಬ್ಲಾಕರ್ ಒಂದು ದಿನ ಹೊಸ ಅನುಮತಿ ಕೇಳಿದರೆ ‘ಸರಿ’ ಒತ್ತಬೇಡಿ, ಏಕೆ ಎಂದು ಮೊದಲು ಹುಡುಕಿ.

ಹೆಸರಿನ ಗೊಂದಲವೂ ಸಣ್ಣದಲ್ಲ. ‘ಒರಿಜಿನ್’ ಇಲ್ಲದ ಬರೀ ‘ಯುಬ್ಲಾಕ್’ ಬೇರೆಯವರದು. ಆ್ಯಡ್‌ಬ್ಲಾಕ್ ಪ್ಲಸ್ ನಕಲಿಯಲ್ಲ, ಆದರೆ ಅದು 2011ರಿಂದ ಕೆಲವು ‘ಒಪ್ಪಬಹುದಾದ ಜಾಹೀರಾತು’ಗಳನ್ನು ಬಿಡುತ್ತದೆ, ಅದಕ್ಕೆ ದೊಡ್ಡ ಕಂಪನಿಗಳಿಂದ ಹಣ ಪಡೆಯುತ್ತದೆ. ಬಹಿರಂಗವಾಗಿಯೇ ಹೇಳಿದ್ದಾರೆ, ಸೆಟ್ಟಿಂಗಿನಲ್ಲಿ ಆಫ್ ಮಾಡಲೂಬಹುದು. ಆದರೂ ನಿಮ್ಮಂಥವರಿಗೆ ನಾನು ಅದನ್ನು ಹೇಳುವುದಿಲ್ಲ. ಸ್ಟೋರಿನಲ್ಲಿ ಹುಡುಕುವ ಬದಲು, ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿರುವ ಯುಬ್ಲಾಕ್ ಒರಿಜಿನ್ ಪುಟಕ್ಕೆ ಹೋಗಿ ಅಲ್ಲಿನ ಕೊಂಡಿಯಿಂದ ಇಳಿಸಿಕೊಂಡರೆ ನಕಲಿ ಸಿಗುವ ಸಂಭವವೇ ಕಡಿಮೆ.

ನಿಮ್ಮದು ಬಂದ್ ಆದದ್ದು ನಿಮ್ಮ ತಪ್ಪಿನಿಂದಲ್ಲ. ಕ್ರೋಮ್ ಎಕ್ಸ್‌ಟೆನ್ಶನ್‌ಗಳ ನಿಯಮ ಬದಲಿಸಿ ‘ಮ್ಯಾನಿಫೆಸ್ಟ್ ವಿ3’ ತಂದಿತು. ಮೊದಲು ಪುಟವೊಂದು ಜಾಹೀರಾತು, ಚಿತ್ರ ತರಿಸಲು ಕಳಿಸುವ ಪ್ರತಿಯೊಂದು ವಿನಂತಿಯನ್ನೂ ಬ್ಲಾಕರ್ ತಾನೇ ನೋಡಿ, ಬೇಡವಾದದ್ದನ್ನು ತಡೆಯುತ್ತಿತ್ತು. ಈಗ ಅದು ಏನೇನು ತಡೆಯಬೇಕೆಂಬ ಪಟ್ಟಿ ಕೊಡಬೇಕು, ತಡೆಯುವುದು ಕ್ರೋಮ್. ಲೈಟ್ ಆವೃತ್ತಿ ಈ ನಿಯಮದೊಳಗೇ ನಡೆಯುವುದರಿಂದ ಕೆಲವು ಜಾಹೀರಾತು ನುಸುಳಬಹುದು, ಫೈರ್‌ಫಾಕ್ಸಿನಲ್ಲಿ ಹಳೆಯ ಪೂರ್ಣ ಶಕ್ತಿ ಉಳಿದಿದೆ. ಆಂಡ್ರಾಯ್ಡ್ ಫೋನಿನ ಫೈರ್‌ಫಾಕ್ಸಿಗೂ ಅದನ್ನು ಹಾಕಬಹುದು.

ಎರಡು ಬ್ಲಾಕರ್ ಒಟ್ಟಿಗೆ ಇಡಬೇಡಿ. ಶುಲ್ಕ ಕಟ್ಟುವ ಪುಟ ಅಥವಾ ಒಟಿಪಿ ಕಿಟಕಿ ತೆರೆಯದಿದ್ದರೆ ಯುಬ್ಲಾಕ್ ಒರಿಜಿನ್ನಿನ ದೊಡ್ಡ ಪವರ್ ಗುಂಡಿ ಒತ್ತಿ, ಆ ಸೈಟಿಗಷ್ಟೇ ಆಫ್ ಮಾಡಿ ಪುಟವನ್ನು ರಿಫ್ರೆಶ್ ಮಾಡಿ. ನೀವು ದಿನಾ ಓದುವ ಸುದ್ದಿತಾಣಕ್ಕೂ ಹೀಗೆ ಆಫ್ ಇಟ್ಟರೆ ಒಳ್ಳೆಯದು, ಅವರ ಸಂಬಳ ಜಾಹೀರಾತಿನಿಂದಲೇ ಬರುತ್ತದೆ.

ಮತ್ತೆ, ಇಂದೇ ಅಂಗಡಿ ಮುಚ್ಚುವ ಮುನ್ನ ಪ್ರತಿ ಕಂಪ್ಯೂಟರಿನ ಎಕ್ಸ್‌ಟೆನ್ಶನ್ ಪಟ್ಟಿ ತೆರೆದು ನೋಡಿ. ಯಾರು, ಯಾಕೆ ಹಾಕಿದರೆಂದು ನಿಮಗೆ ನೆನಪಾಗದ್ದನ್ನೆಲ್ಲ ತೆಗೆದುಹಾಕಿ.