ಪಾಶ್ ಏರಿಯಾದ ಲಕ್ಷುರಿ ಫ್ಲಾಟ್: ಅಡ್ವಾನ್ಸ್ ಕೊಡುವ ಮುಂಚೆ ಏನು ನೋಡಬೇಕು?

ನೀವು ಕೇಳಿರುವುದು ಇಷ್ಟು: ನಗರದ ಪಾಶ್ ಏರಿಯಾದಲ್ಲಿ, ಸ್ವಲ್ಪ ಹಳೆಯ ಕಟ್ಟಡದ ಎತ್ತರದ ಮಹಡಿಯಲ್ಲಿ ಒಂದು ಲಕ್ಷುರಿ ಫ್ಲಾಟ್ ಮಾರಾಟಕ್ಕಿದೆ. ಒಳಗೆ ಅಮೃತಶಿಲೆಯ ನೆಲ, ಕೆಳಗೆ ಈಜುಕೊಳ, ಕಿಟಕಿಯಿಂದ ಇಡೀ ಊರು ಕಾಣುತ್ತದೆ. ಏಜೆಂಟ್ ಈ ವಾರವೇ ಅಡ್ವಾನ್ಸ್ ಕೊಡಿ ಅನ್ನುತ್ತಿದ್ದಾರೆ. ಕೊಳ್ಳಬಹುದಾ?

ಕೊಳ್ಳಬಹುದು, ಆದರೆ ಈ ವಾರ ಬೇಡ. ಮೊದಲು ಅಲ್ಲಿನ ಅಸೋಸಿಯೇಷನ್‌ನ ಕಳೆದ ಕೆಲವು ವರ್ಷಗಳ ಲೆಕ್ಕಪತ್ರ, ಸಭೆಯ ನಡಾವಳಿ ತರಿಸಿಕೊಂಡು ಕೂತು ಓದಿ. ನಾನು ದೊಡ್ಡ ಅಪಾರ್ಟ್‌ಮೆಂಟ್‌ಗಳ ಮೇಂಟೆನೆನ್ಸ್ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಫ್ಲಾಟ್ ಒಳಗಿನದು ಏನೇ ಇಷ್ಟವಾಗದಿದ್ದರೂ ನಾಳೆ ಬದಲಾಯಿಸಬಹುದು. ಲಿಫ್ಟ್, ನೀರಿನ ಪೈಪು, ತಾರಸಿಯ ವಾಟರ್‌ಪ್ರೂಫಿಂಗ್, ಹೊರಗೋಡೆಯ ಗಾಜು, ಬೆಂಕಿ ಆರಿಸುವ ವ್ಯವಸ್ಥೆ, ಇವನ್ನು ನೀವೊಬ್ಬರೇ ಬದಲಾಯಿಸಲು ಆಗುವುದಿಲ್ಲ. ಮಾಲೀಕರ ಸಭೆ ಒಪ್ಪಬೇಕು, ಎಲ್ಲರೂ ದುಡ್ಡು ಹಾಕಬೇಕು.

ಆ ದುಡ್ಡು ಈಗಾಗಲೇ ಕೂಡಿಟ್ಟಿದ್ದಾರಾ ಅನ್ನುವುದೇ ಮುಖ್ಯ ಪ್ರಶ್ನೆ. ತಿಂಗಳ ಮೇಂಟೆನೆನ್ಸ್ ಕಡಿಮೆ ಇದ್ದರೆ ತುಂಬಾ ಜನ ಖುಷಿಪಡುತ್ತಾರೆ. ನನಗೆ ಮಾತ್ರ ಅನುಮಾನ ಬರುತ್ತದೆ. ಈಜುಕೊಳ, ಜಿಮ್, ಜನರೇಟರ್, ಸೆಕ್ಯುರಿಟಿ ಎಲ್ಲ ಇರುವ ಕಟ್ಟಡದಲ್ಲಿ ಖರ್ಚು ಹೆಚ್ಚೇ ಇರುತ್ತದೆ. ಮನೆಗಳ ಸಂಖ್ಯೆ ಕಡಿಮೆ ಇದ್ದರೆ ಒಬ್ಬೊಬ್ಬರ ಪಾಲು ಇನ್ನೂ ಜಾಸ್ತಿ. ಹೀಗಿದ್ದೂ ವಸೂಲಿ ಕಡಿಮೆ ಅಂದರೆ ಸಾಮಾನ್ಯವಾಗಿ ಮುಂದಿನ ರಿಪೇರಿಗೆ ಏನೂ ಎತ್ತಿಡುತ್ತಿಲ್ಲ ಅಂತ. ಕಟ್ಟಡಕ್ಕೆ ಇಪ್ಪತ್ತು ವರ್ಷ ಸಮೀಪಿಸಿದಾಗ ಲಿಫ್ಟು, ಪಂಪು, ತಾರಸಿ ಎಲ್ಲವೂ ಒಟ್ಟೊಟ್ಟಿಗೆ ದುಡ್ಡು ಕೇಳುತ್ತವೆ.

ಇದು ಎಲ್ಲಿಯವರೆಗೆ ಹೋಗಬಹುದು ಅನ್ನುವುದಕ್ಕೆ ಅಮೆರಿಕದ ಫ್ಲಾರಿಡಾದ ಸರ್ಫ್‌ಸೈಡ್ ನೋಡಿ. ಸಮುದ್ರಕ್ಕೆ ಮುಖ ಮಾಡಿದ 12 ಮಹಡಿಯ ಕಟ್ಟಡ, ಚಾಂಪ್ಲೇನ್ ಟವರ್ಸ್ ಸೌತ್, 1981ರಲ್ಲಿ ಕಟ್ಟಿದ್ದು. ಬಯಸಿ ಕೊಳ್ಳುವಂಥ ಜಾಗ. 2018ರಲ್ಲೇ ಒಬ್ಬ ಎಂಜಿನಿಯರ್ ವರದಿ ಕೊಟ್ಟಿದ್ದರು: ಈಜುಕೊಳದ ಸುತ್ತಲಿನ ಅಂಗಳದ ವಾಟರ್‌ಪ್ರೂಫಿಂಗ್ ಕೆಟ್ಟಿದೆ, ಇಳಿಜಾರು ಕೊಡದೆ ಸಪಾಟಾಗಿ ಕಟ್ಟಿದ್ದರಿಂದ ನೀರು ಹರಿದು ಹೋಗುತ್ತಿಲ್ಲ, ಕೆಳಗಿನ ಕಾಂಕ್ರೀಟು ಹಾಳಾಗುತ್ತಿದೆ ಅಂತ. ರಿಪೇರಿ ಬಗ್ಗೆ ಮಾಲೀಕರ ನಡುವೆ ವರ್ಷಗಟ್ಟಲೆ ಚರ್ಚೆ, ಜಗಳ. ಕೂಡಿಟ್ಟ ಹಣ ಏನೇನೂ ಸಾಲದು. ಕೊನೆಗೆ 2021ರಲ್ಲಿ ಸುಮಾರು 1.5 ಕೋಟಿ ಡಾಲರ್ ಎತ್ತಲು ತೀರ್ಮಾನವಾಯಿತು. ಒಂದೊಂದು ಮನೆಯ ಪಾಲಿಗೆ ಬಂದದ್ದು ಸುಮಾರು 80,000 ಡಾಲರ್‌ನಿಂದ ಮೂರು ಲಕ್ಷಕ್ಕೂ ಹೆಚ್ಚು. ಆ ಕೆಲಸ ಮುಗಿಯುವ ಮೊದಲೇ, ಜೂನ್ 24ರ ನಡುರಾತ್ರಿ ಕಟ್ಟಡದ ದೊಡ್ಡ ಭಾಗ ಕುಸಿದು 98 ಜನ ಸತ್ತರು. ಕಾರಣ ಒಂದೇ ಅಲ್ಲ, ಮೂಲ ವಿನ್ಯಾಸದಲ್ಲೇ ದೋಷ ಇದ್ದುದನ್ನೂ ತನಿಖೆ ತೋರಿಸಿದೆ. ಆದರೂ ಎಂಜಿನಿಯರ್ ಕೊಟ್ಟ ಆ ವರದಿ ಸುಮಾರು ಮೂರು ವರ್ಷ ಅಸೋಸಿಯೇಷನ್ ಕೈಯಲ್ಲೇ ಇತ್ತು ಅನ್ನುವುದನ್ನು ನೆನೆದರೆ ಇವತ್ತಿಗೂ ಸಂಕಟವಾಗುತ್ತದೆ. 2022ರಲ್ಲಿ ಫ್ಲಾರಿಡಾ ಕಾನೂನನ್ನೇ ಬದಲಿಸಿತು: ಹಳೆಯ ಕಟ್ಟಡಗಳ ತಪಾಸಣೆಯನ್ನೂ ದೊಡ್ಡ ರಿಪೇರಿಗೆ ಹಣ ಎತ್ತಿಡುವುದನ್ನೂ ಕಡ್ಡಾಯ ಮಾಡಿತು.

ಹೊಸ ಕಟ್ಟಡ, ಹೆಸರಾಂತ ವಿಳಾಸ ಅಂದರೆ ಚಿಂತೆ ಇಲ್ಲ ಅಂದುಕೊಳ್ಳಬೇಡಿ. ನ್ಯೂಯಾರ್ಕಿನ 432 ಪಾರ್ಕ್ ಅವೆನ್ಯೂ 2015ರಲ್ಲಿ ಮುಗಿದಿದ್ದು, 426 ಮೀಟರ್ ಎತ್ತರ, ಪ್ರಪಂಚದ ದುಬಾರಿ ಮನೆಗಳಲ್ಲಿ ಒಂದಷ್ಟು ಅಲ್ಲೇ ಇವೆ. ನೀರು ಸೋರಿಕೆ, ಲಿಫ್ಟ್ ಕೆಡುವುದು, ಗೋಡೆಗಳ ಸದ್ದು, ಹೀಗೆ ದೂರುಗಳನ್ನು ಹೊತ್ತು 2021ರಲ್ಲಿ ಅಲ್ಲಿನ ಮಾಲೀಕರ ಮಂಡಳಿಯೇ ಕಟ್ಟಿಸಿದವರ ಮೇಲೆ ಕೋರ್ಟಿಗೆ ಹೋಯಿತು.

ಲೆಕ್ಕಪತ್ರ ಓದಿದ ಮೇಲೆ ಕಣ್ಣಾರೆ ನೋಡುವುದೂ ಇದೆ. ಏಜೆಂಟ್ ಲಾಬಿ ತೋರಿಸುತ್ತಾರೆ, ನೀವು ಬೇಸ್‌ಮೆಂಟಿಗೆ ಇಳಿಯಿರಿ. ಈಜುಕೊಳದ ಸರಿಯಾಗಿ ಕೆಳಗೆ ಎಲ್ಲಿ ಬರುತ್ತದೆ ಕೇಳಿ, ಅಲ್ಲಿ ತಲೆಯೆತ್ತಿ ಸೀಲಿಂಗ್ ನೋಡಿ. ಬಿಳಿ ಉಪ್ಪಿನ ಕಲೆ, ತುಕ್ಕಿನ ಗೆರೆ, ಹೊಸದಾಗಿ ಒಂದೇ ಒಂದು ಕಡೆ ಬಳಿದ ಪೇಂಟು ಕಂಡರೆ ಯಾಕೆ ಅಂತ ವಿಚಾರಿಸಿ. ಮಳೆ ನಿಂತ ಮರುದಿನ ಹೋದರೆ ಇನ್ನೂ ಒಳ್ಳೆಯದು. ಪಂಪ್ ರೂಮ್ ನೋಡಿಕೊಳ್ಳುವವರ ಹತ್ತಿರ ಐದು ನಿಮಿಷ ಮಾತಾಡಿ. ಕಟ್ಟಡದ ಆರೋಗ್ಯ ಅವರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರುವುದಿಲ್ಲ.

ರಾತ್ರಿ ಎಂಟು ಗಂಟೆಗೆ ಹೊರಗೆ ನಿಂತು ಎಷ್ಟು ಕಿಟಕಿಯಲ್ಲಿ ದೀಪ ಇದೆ ಅಂತಲೂ ನೋಡಿ. ದುಬಾರಿ ಕಟ್ಟಡಗಳಲ್ಲಿ ಹೂಡಿಕೆಗೆ ಅಂತ ಕೊಂಡು ಬೀಗ ಹಾಕಿಟ್ಟ ಮನೆಗಳು ಜಾಸ್ತಿ. ಮಾಲೀಕರು ಬೇರೆ ಊರಲ್ಲಿ, ಬೇರೆ ದೇಶದಲ್ಲಿ ಇರುತ್ತಾರೆ. ಸಭೆ ಕರೆದರೆ ಕೋರಂ, ಅಂದರೆ ಸಭೆ ನಡೆಸಲು ಬೇಕಾದಷ್ಟು ಜನ, ಆಗುವುದಿಲ್ಲ. ಲಿಫ್ಟ್ ಬದಲಿಸುವ ತೀರ್ಮಾನ ಮುಂದಕ್ಕೆ, ಮುಂದಕ್ಕೆ ಹೋಗುತ್ತದೆ. ಅಲ್ಲೇ ವಾಸ ಮಾಡುವವರಿಗೆ ಕಷ್ಟ.

ಏರಿಯಾ ಬಗ್ಗೆ ಹೇಳುವುದಾದರೆ, ಒಳ್ಳೆಯ ರಸ್ತೆ, ಮರ, ಪಾರ್ಕು, ಇವಕ್ಕೆ ಬೆಲೆ ಇದೆ, ಒಪ್ಪುತ್ತೇನೆ. ಕಿಟಕಿಯ ನೋಟಕ್ಕೆ ಮಾತ್ರ ಜಾಸ್ತಿ ಕೊಡುವ ಮುಂಚೆ ಯೋಚಿಸಿ. ಎದುರಿನ ಜಾಗ ನಿಮ್ಮದಲ್ಲ ಅಲ್ವಾ? ಅಲ್ಲಿ ಎಷ್ಟು ಮಹಡಿ ಕಟ್ಟಲು ಅವಕಾಶ ಇದೆ ಅಂತ ಯೋಜನಾ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ಲಂಡನ್ನಿನಲ್ಲಿ ಟೇಟ್ ಮಾಡರ್ನ್ ಗ್ಯಾಲರಿ ಪಕ್ಕದ ಗಾಜಿನ ಗೋಡೆಯ ಲಕ್ಷುರಿ ಫ್ಲಾಟ್‌ಗಳ ಕಥೆ ಹೀಗೆ: 2016ರಲ್ಲಿ ಗ್ಯಾಲರಿಯವರು ಮೇಲೊಂದು ವೀಕ್ಷಣಾ ಅಟ್ಟ ತೆರೆದರು, ವರ್ಷಕ್ಕೆ ಲಕ್ಷಾಂತರ ಜನ ಅಲ್ಲಿಂದ ನೇರ ಈ ಮನೆಗಳ ಒಳಗೇ ನೋಡತೊಡಗಿದರು. ಎರಡು ಕೋರ್ಟುಗಳಲ್ಲಿ ಸೋತು, 2023ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮಾಲೀಕರ ಪರ ತೀರ್ಪು ಬಂತು. ಗೆದ್ದರು ನಿಜ, ಆದರೆ ಅಷ್ಟು ವರ್ಷ ಮನೆಯಲ್ಲಿ ನೆಮ್ಮದಿ ಎಲ್ಲಿತ್ತು?

ಈಗ ನೀವು ಮಾಡಬೇಕಾದದ್ದು. ಲೆಕ್ಕಪತ್ರ ಕೊಡಲು ಆಗುವುದಿಲ್ಲ ಅಂದರೆ ಎಷ್ಟೇ ಚೆನ್ನಾಗಿದ್ದರೂ ಆ ಫ್ಲಾಟ್ ಬಿಟ್ಟುಬಿಡಿ. ಕೊಟ್ಟರೆ, ಮುಂದೆ ಬರಲಿರುವ ದೊಡ್ಡ ರಿಪೇರಿಗಳಲ್ಲಿ ನಿಮ್ಮ ಪಾಲು ಎಷ್ಟಾಗುತ್ತದೆ ಅಂತ ಒಬ್ಬ ಸ್ವತಂತ್ರ ಎಂಜಿನಿಯರ್ ಹತ್ತಿರ ಲೆಕ್ಕ ಹಾಕಿಸಿ, ಅಷ್ಟನ್ನು ಬೆಲೆಯಲ್ಲಿ ಇಳಿಸಲು ಕೇಳಿ. ಈಗಾಗಲೇ ತೀರ್ಮಾನವಾಗಿ ಇನ್ನೂ ವಸೂಲಾಗದ ಹಣ ಯಾವುದಾದರೂ ಇದ್ದರೆ, ಅದನ್ನು ಮಾರುವವರೇ ಕಟ್ಟಬೇಕು ಅಂತ ಕರಾರಿನಲ್ಲಿ ಬರೆಸಿಕೊಳ್ಳಿ. ಬಾಯಿಮಾತಿನಲ್ಲಿ ಬಿಡಬೇಡಿ.