ಕಾಲು ತಾನಾಗಿ ಅಲ್ಲಾಡಿದರೆ ಸ್ವಾಧೀನ ಬಂತು ಅಂತಲ್ಲ

ಪ್ರಶ್ನೆ: ನಮ್ಮದು ಗುಬ್ಬಿ ತಾಲ್ಲೂಕು. ತಮ್ಮನಿಗೆ 29 ವರ್ಷ. ಹುಣಸೆಹಣ್ಣು ಬಡಿಯಲು ಮರ ಹತ್ತಿದ್ದ, ಕೊಂಬೆ ಮುರಿದು ಬಿದ್ದ. ಬೆನ್ನಿನ ಡಿ10 ಮೂಳೆ ಮುರಿದಿತ್ತು. ಆಪರೇಷನ್ ಮಾಡಿ ರಾಡ್, ಸ್ಕ್ರೂ ಹಾಕಿದರು, ಎಲ್ಲ ಚೆನ್ನಾಗಿ ಆಗಿದೆ ಎಂದರು. ಆದರೆ ಸೊಂಟದ ಕೆಳಗೆ ಸ್ವಾಧೀನ ಇಲ್ಲ. ಮೂತ್ರಕ್ಕೆ ಪೈಪ್ ಇದೆ. ಎರಡು ತಿಂಗಳಾದ ಮೇಲೆ ನಾಟಿ ವೈದ್ಯರೊಬ್ಬರ ಹತ್ತಿರ ಎಣ್ಣೆ ತಿಕ್ಕಿಸಿದೆವು. ಸ್ವಲ್ಪ ದಿನಕ್ಕೆ ಕಾಲು ತಾನಾಗಿ ಅಲ್ಲಾಡಲು ಶುರುವಾಯಿತು. ನರ ಎಚ್ಚರ ಆಗಿದೆ, ಪೈಪ್ ತೆಗೆಸಿಬಿಡಿ, ನಡೆಸುವುದು ನನ್ನ ಜವಾಬ್ದಾರಿ ಎನ್ನುತ್ತಾರೆ. ಇನ್ನೊಂದು ಕಡೆ ಸ್ಟೆಮ್ ಸೆಲ್ ಇಂಜೆಕ್ಷನ್‌ಗೆ ಲಕ್ಷಗಟ್ಟಲೆ ಕೇಳುತ್ತಿದ್ದಾರೆ. ಹಸು ಮಾರಿ ಹಾಕಿಸಲೇ?

ಉತ್ತರ: ಹಸು ಮಾರಬೇಡಿ. ಪೈಪನ್ನೂ ಅವರ ಮಾತು ಕೇಳಿ ಕೀಳಬೇಡಿ.

ಇದೇ ಕಾಗದ ನನಗೆ ಪದೇ ಪದೇ ಬರುತ್ತದೆ. ಸುಗ್ಗಿಯಲ್ಲಿ ಹುಣಸೆಮರ, ಉಳಿದ ದಿನ ತೆಂಗಿನಮರ. ಊರಿನ ಹೆಸರು ಮಾತ್ರ ಬೇರೆ. ಅದಕ್ಕೇ ಈ ಸಲ ಇದೊಂದನ್ನೇ ಉದ್ದಕ್ಕೆ ಬರೆಯುತ್ತೇನೆ, ಉಳಿದವರು ಬೇಜಾರು ಮಾಡಿಕೊಳ್ಳಬಾರದು.

ಮೂಳೆ ಬೇರೆ, ಅದರೊಳಗಿನ ಬೆನ್ನುಹುರಿ ಬೇರೆ. ಹುರಿ ಸುಮಾರು 45 ಸೆಂಟಿಮೀಟರ್ ಉದ್ದ, ಹೆಚ್ಚುಕಡಿಮೆ ಕಿರುಬೆರಳಿನ ದಪ್ಪ, ತುಂಬಾ ಮೆತ್ತಗೆ. ರಾಡ್, ಸ್ಕ್ರೂ ಹಾಕಿದ್ದು ಮೂಳೆಗೆ. ಒಳಗೆ ಜಜ್ಜಿಹೋದ ಹುರಿಯನ್ನು ಸ್ಕ್ರೂ ಹಾಕಿ ಜೋಡಿಸಲು ಆಗುವುದಿಲ್ಲ. ಆಪರೇಷನ್ ಚೆನ್ನಾಗಿ ಆಗಿದೆ ಎಂದ ಸರ್ಜನ್ ಸುಳ್ಳು ಹೇಳಿಲ್ಲ. ಆದರೆ ಈ ವ್ಯತ್ಯಾಸವನ್ನು ನಿಮ್ಮನ್ನು ಕೂರಿಸಿಕೊಂಡು ಹೇಳಬೇಕಿತ್ತು. ನಾವು ಡಾಕ್ಟರುಗಳು ಅರ್ಧ ಹೇಳಿ ಕಳಿಸುತ್ತೇವೆ, ಉಳಿದರ್ಧ ಜನ ನಾಟಿ ವೈದ್ಯರ ಬಾಯಲ್ಲಿ ಕೇಳುತ್ತಾರೆ. ಇದು ನನಗೆ ಬಹಳ ಸಿಟ್ಟು ತರಿಸುವ ವಿಷಯ.

ಮೆದುಳಿನ ಅಪ್ಪಣೆ ಕೆಳಗೆ ಒಯ್ಯುವುದು, ಮೈಯ ಸುದ್ದಿ ಮೇಲಕ್ಕೆ ತರುವುದು, ಹುರಿಯ ಈ ಕೆಲಸ ಎಲ್ಲರಿಗೂ ಗೊತ್ತು. ಹುರಿಯಿಂದ ಹೊರಡುವ 31 ಜೊತೆ ನರಗಳಲ್ಲಿ ನಡೆಯುವುದು ಅದೇ ಓಡಾಟ. ಜನ ಮರೆಯುವುದು ಇನ್ನೊಂದು ಕೆಲಸವನ್ನು. ಹುರಿ ಮೆದುಳನ್ನು ಕೇಳದೆಯೂ ಕೆಲಸ ಮಾಡುತ್ತದೆ. ಕಾದ ಹಂಚಿಗೆ ಬೆರಳು ತಗುಲಿದರೆ ಮೊದಲು ಕೈ ಹಿಂದಕ್ಕೆ ಬರುತ್ತದೆ, ಉರಿ ಗೊತ್ತಾಗುವುದು ಆಮೇಲೆ. ಆ ತೀರ್ಮಾನ ಆಗಿದ್ದು ಹುರಿಯಲ್ಲೇ.

ನಿಮ್ಮ ತಮ್ಮನ ವಿಷಯಕ್ಕೆ ಬನ್ನಿ. ಕಾಲುಗಳನ್ನು ನೋಡಿಕೊಳ್ಳುವ ಹುರಿಯ ಭಾಗ ಇರುವುದು ಮುರಿದ ಜಾಗಕ್ಕಿಂತ ಕೆಳಗೆ, ಬೆನ್ನಿನ ಡಿ11ರಿಂದ ಸೊಂಟದ ಎಲ್1ವರೆಗಿನ ಮೂಳೆಗಳ ಒಳಗೆ. ಅದು ಜೀವಂತವಾಗಿದೆ. ಮೆದುಳಿನ ಸಂಪರ್ಕಕ್ಕೆ ಪೆಟ್ಟಾಗಿದೆ. ಪೆಟ್ಟು ಬಿದ್ದ ಹೊಸದರಲ್ಲಿ ಆ ಕೆಳಭಾಗವೂ ಸುಮ್ಮನಾಗಿಬಿಡುತ್ತದೆ, ಕಾಲು ಜೋತುಬೀಳುತ್ತದೆ. ಕೆಲವು ವಾರ ಕಳೆದ ಮೇಲೆ ಅದು ತನ್ನಷ್ಟಕ್ಕೆ ಕೆಲಸ ಶುರುಮಾಡುತ್ತದೆ. ಆದರೆ ಈಗ ಅದನ್ನು ಹಿಡಿತದಲ್ಲಿಡಲು ಮೆದುಳಿಲ್ಲ. ಹೊದಿಕೆ ಸೋಕಿದರೂ ಕಾಲು ಎಗರುತ್ತದೆ, ಮಂಡಿ ಮಡಚುತ್ತದೆ, ಪಾದ ಪಟಪಟ ಹೊಡೆದುಕೊಳ್ಳುತ್ತದೆ. ಎಣ್ಣೆ ತಿಕ್ಕಿದ್ದರೂ, ತಿಕ್ಕದಿದ್ದರೂ ಇದು ಬರುತ್ತಿತ್ತು. ವೈದ್ಯರು ಬಂದ ಹೊತ್ತು ಸರಿಹೊಂದಿತು, ಅಷ್ಟೇ.

ನಂಬಿಕೆ ಬರದಿದ್ದರೆ ಇವತ್ತೇ ನೋಡಿ. ತಮ್ಮನನ್ನು ಅಂಗಾತ ಮಲಗಿಸಿ, ಕಣ್ಣು ಮುಚ್ಚಿಸಿ. ಯಾರೂ ಮುಟ್ಟಬೇಡಿ. 'ಬಲಗಾಲಿನ ಹೆಬ್ಬೆರಳು ಮೇಲೆತ್ತು' ಅನ್ನಿ. ಕಾಯಿರಿ. 'ಬಿಡು' ಅನ್ನಿ. ಮತ್ತೆ ಕೇಳಿ. ಹೇಳಿದಾಗಲೆಲ್ಲ ಎತ್ತಿ, ಬಿಡು ಎಂದಾಗ ಬಿಟ್ಟರೆ ಸ್ವಾಧೀನ ಬರುತ್ತಿದೆ. ಮುಟ್ಟಿದಾಗಲೋ, ಸುಮ್ಮನೆ ಮಲಗಿದ್ದಾಗಲೋ ಮಾತ್ರ ಎಗರಿದರೆ ಅದು ಹುರಿಯ ಆಟ.

ಇದಕ್ಕಿಂತ ಮುಖ್ಯವಾದ ಪರೀಕ್ಷೆ ಡಾಕ್ಟರದು. ಗುದದ್ವಾರದ ಸುತ್ತ ಪಿನ್ ಚುಚ್ಚಿದ್ದು ಗೊತ್ತಾಗುತ್ತದೆಯೇ, ಡಾಕ್ಟರ ಬೆರಳನ್ನು ಬೇಕೆಂದೇ ಬಿಗಿಹಿಡಿಯಲು ಆಗುತ್ತದೆಯೇ ಎಂದು ನೋಡುತ್ತಾರೆ. ಮನೆಯವರಿಗೆ ನಾಚಿಕೆ, ನಮ್ಮವರಿಗೆ ಆತುರ, ಹೀಗಾಗಿ ತಪ್ಪಿಹೋಗುತ್ತದೆ. ಅಲ್ಲಿಗೆ ಬರುವುದು ಹುರಿಯ ಕಟ್ಟಕಡೆಯ ನರಗಳು. ಅಲ್ಲಿ ಗೊತ್ತಾಗುತ್ತಿದೆ ಎಂದರೆ ಪೆಟ್ಟಿನ ಜಾಗದಲ್ಲೂ ಕೆಲವು ಎಳೆ ಉಳಿದಿವೆ. ಆಗ ಫಿಸಿಯೋಥೆರಪಿಯನ್ನು ಒಂದು ದಿನವೂ ತಪ್ಪಿಸಬಾರದು. ಬರುವ ಶಕ್ತಿಯಲ್ಲಿ ಹೆಚ್ಚಿನದು ಮೊದಲ ಆರು ತಿಂಗಳಲ್ಲೇ ಬರುತ್ತದೆ, ಆಮೇಲೆ ನಿಧಾನ. ಈಗಲೂ ಅಲ್ಲಿ ಏನೂ ಗೊತ್ತಾಗದಿದ್ದರೆ, ಮತ್ತೆ ತನ್ನ ಕಾಲ ಮೇಲೆ ನಡೆಯುವವರು ತೀರಾ ಕಡಿಮೆ. ಕಹಿ ಮಾತು. ಆದರೆ ಹಸು ಮಾರಿದ ಮೇಲೆ ಕೇಳುವುದಕ್ಕಿಂತ ಈಗ ಕೇಳುವುದು ಮೇಲು.

ಎಣ್ಣೆಯಿಂದ ಲಾಭ ಇಲ್ಲ, ಇರಲಿ. ಶಾಖ ಕೊಡುತ್ತಾರಲ್ಲ, ಅದು ಅಪಾಯ. ಬಿಸಿ ಮರಳಿನ ಗಂಟು ಇಟ್ಟು ಹಿಮ್ಮಡಿ ಸುಟ್ಟು ಕಪ್ಪಾಗಿದ್ದರೂ ಹುಡುಗನಿಗೆ ಗೊತ್ತೇ ಆಗಿರುವುದಿಲ್ಲ. ಸ್ವಾಧೀನ ಇಲ್ಲದ ಕಾಲಿನ ಮೂಳೆ ಸವೆಯುತ್ತದೆ, ಜೋರಾಗಿ ಎಳೆದರೆ ತೊಡೆಯ ಮೂಳೆಯೇ ಮುರಿಯಬಹುದು. ಒಂದೇ ಮೀನಖಂಡ ಊದಿಕೊಂಡಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕಿದರೆ ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಜೀವ ಹೋಗಬಹುದು.

ಸ್ಟೆಮ್ ಸೆಲ್: ಬೆನ್ನುಹುರಿ ಪೆಟ್ಟಿಗೆ ಇದು ಒಪ್ಪಿತ ಚಿಕಿತ್ಸೆ ಅಲ್ಲ. ಅನುಮತಿ ಪಡೆದ ಪ್ರಯೋಗದಲ್ಲಿ ಬಿಟ್ಟು ಬೇರೆಲ್ಲೂ ಕೊಡಬಾರದು ಎಂದು ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯೇ ಹೇಳುತ್ತದೆ. ಲಕ್ಷ ಕೇಳಿದರೆ ಎದ್ದು ಬನ್ನಿ.

ಈಗ ನಿಜವಾದ ಕೆಲಸ ಇರುವುದು ಮೂತ್ರಕೋಶ ಮತ್ತು ಚರ್ಮದಲ್ಲಿ. ಪೈಪ್ ಕಿತ್ತು ಸುಮ್ಮನಿದ್ದರೆ ಮೂತ್ರ ತುಂಬಿ, ಒತ್ತಡ ಏರಿ ಕಿಡ್ನಿ ಹಾಳಾಗುತ್ತದೆ. ಹಾಗಂತ ಪೈಪನ್ನು ಸದಾ ಒಳಗೇ ಬಿಟ್ಟರೆ ಸೋಂಕು, ಕಲ್ಲು. ದಾರಿ ಬೇರೆ ಇದೆ: 4ರಿಂದ 6 ಗಂಟೆಗೊಮ್ಮೆ ಸೋಪಿನಲ್ಲಿ ಕೈ ತೊಳೆದು, ಸಣ್ಣ ನಳಿಕೆ ಹಾಕಿ, ಮೂತ್ರ ಖಾಲಿ ಮಾಡಿ ನಳಿಕೆ ತೆಗೆಯುವುದು. ಒಂದು ಸಲಕ್ಕೆ 500 ಮಿಲಿಲೀಟರ್ ಮೀರಬಾರದು. ತಮ್ಮನ ಕೈ ಗಟ್ಟಿಯಾಗಿದೆ, ಅವನೇ ಮಾಡಿಕೊಳ್ಳಬಲ್ಲ. ಆಸ್ಪತ್ರೆಯಲ್ಲಿ ಕಲಿಸಿಕೊಡಿ ಎಂದು ಪಟ್ಟು ಹಿಡಿಯಿರಿ, ಕಲಿತ ಮೇಲೆ ಪೈಪ್ ತೆಗೆಸಿ.

ಹಗಲೂ ರಾತ್ರಿ 2 ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ದಿನಕ್ಕೊಮ್ಮೆ ಬೆನ್ನಿನ ಕೆಳಭಾಗ, ಸೊಂಟದ ಪಕ್ಕ, ಹಿಮ್ಮಡಿ ನೋಡಿ. ಒತ್ತಿದರೂ ಮಾಯವಾಗದ ಕೆಂಪು ಕಂಡರೆ ಆ ಜಾಗದ ಮೇಲೆ ಮತ್ತೆ ಮಲಗಿಸಬೇಡಿ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ 1944ರಲ್ಲಿ ಲುಡ್ವಿಗ್ ಗುಟ್ಮನ್ ಎಂಬ ಡಾಕ್ಟರು ಹಿಡಿದಿದ್ದು ಇದೇ ಹಟ: ಮಗ್ಗುಲು ಬದಲಿಸು, ಮೂತ್ರ ನೋಡಿಕೋ, ಕೂರಿಸು, ಕೆಲಸ ಕಲಿಸು. ಸಾಯುತ್ತಾರೆ ಎಂದು ಕೈಬಿಟ್ಟಿದ್ದ ಸೈನಿಕರು ಬದುಕಿದರು, 1948ರಲ್ಲಿ ಗಾಲಿಕುರ್ಚಿಯಲ್ಲಿ ಕೂತು ಬಿಲ್ಲುವಿದ್ಯೆ ಸ್ಪರ್ಧೆ ಆಡಿದರು. ಪ್ಯಾರಾಲಿಂಪಿಕ್ಸ್ ಬೆಳೆದಿದ್ದು ಅಲ್ಲಿಂದ.

ಇನ್ನೊಂದು ಮಾತು. ಕಾಲಿನ ಎಗರಾಟ ಇದ್ದಕ್ಕಿದ್ದಂತೆ ಜಾಸ್ತಿಯಾದರೆ ಖುಷಿಪಡಬೇಡಿ. ಮೂತ್ರ ಕಟ್ಟಿದೆಯೇ, ಮಲಬದ್ಧತೆಯೇ, ಎಲ್ಲಾದರೂ ಹುಣ್ಣೇ, ಕಾಲುಗುರು ಒಳಗೆ ಚುಚ್ಚುತ್ತಿದೆಯೇ ನೋಡಿ. ತಮ್ಮನಿಗೆ ಗೊತ್ತಾಗದ ನೋವನ್ನು ಹುರಿ ಹೀಗೆ ತೋರಿಸುತ್ತದೆ. ಎಗರಾಟ ತಗ್ಗಿಸಲು ಬ್ಯಾಕ್ಲೋಫೆನ್ ಮಾತ್ರೆ ಕೊಟ್ಟಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್‌ಗೂ ಅರ್ಜಿ ಹಾಕಿ.

ಪ್ರಶ್ನೆ: ಸಿಸೇರಿಯನ್‌ಗೆ ಬೆನ್ನಿಗೆ ಚುಚ್ಚಿದ ಇಂಜೆಕ್ಷನ್‌ನಿಂದ ಹುರಿ ಹಾಳಾಗಿ ಐದು ವರ್ಷದಿಂದ ಬೆನ್ನುನೋವು. (ತಿಪಟೂರು)

ಉತ್ತರ: ಹುರಿ ಎಲ್1, ಎಲ್2 ಹತ್ತಿರ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ನೋವಿಗೆ ಕಾರಣ ಬೇರೆ, ವ್ಯಾಯಾಮ ಶುರುಮಾಡಿ.

ಪ್ರಶ್ನೆ: ಕಾಲು ಸೂಪ್ ಕುಡಿದರೆ ಬೆನ್ನುಹುರಿ ಗಟ್ಟಿಯಾಗುತ್ತದೆಯೇ?

ಉತ್ತರ: ಇಲ್ಲ.

ಪ್ರಶ್ನೆ: ಪಾವಗಡದವರು. ಅಪ್ಪನಿಗೆ 58. ಕತ್ತು, ಬೆನ್ನು ಬಗ್ಗಲ್ಲ. ಈಗ ನಡೆಯುವಾಗ ಕಾಲು ಸೆಟೆಯುತ್ತದೆ, ಅಂಗಿ ಗುಂಡಿ ಹಾಕಿಕೊಳ್ಳಲು ಆಗುತ್ತಿಲ್ಲ. ವಯಸ್ಸಾಯ್ತು ಅಂತಾರೆ.

ಉತ್ತರ: 58 ವಯಸ್ಸೇ? ಗುಂಡಿ ಹಾಕಲು ಬಾರದ ಕೈ, ಸೆಟೆಯುವ ಕಾಲು ಎರಡೂ ಇದ್ದರೆ ಕತ್ತಿನಲ್ಲಿ ಹುರಿ ಒತ್ತಿಹೋಗುತ್ತಿರಬಹುದು. ನಿಮ್ಮ ಕಡೆಯ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ವರ್ಷಗಟ್ಟಲೆ ಕುಡಿದರೆ ಬೆನ್ನುಮೂಳೆಯ ಸುತ್ತಲಿನ ಪಟ್ಟಿಗಳೇ ಮೂಳೆಯಾಗಿ ಹುರಿಗೆ ಜಾಗ ಇಲ್ಲದಂತಾಗುತ್ತದೆ. ಹುಷಾರು, ಕತ್ತು ತಿರುಗಿಸಿ ನೆಟಿಗೆ ಮುರಿಸಬೇಡಿ. ಈ ವಾರವೇ ಕತ್ತಿನ ಎಂಆರ್‌ಐ ಮಾಡಿಸಿ, ನರರೋಗ ತಜ್ಞರಿಗೆ ತೋರಿಸಿ. ಮನೆಯ ನೀರನ್ನೂ ಪರೀಕ್ಷೆಗೆ ಕೊಡಿ: ಲೀಟರಿಗೆ 1.5 ಮಿಲಿಗ್ರಾಂ ಮೀರಿದ್ದರೆ ಮನೆಯಲ್ಲಿ ಯಾರೂ ಅದನ್ನು ಕುಡಿಯಬಾರದು, ಅಡುಗೆಗೂ ಬಳಸಬಾರದು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ.