ಕತ್ತಲಲ್ಲಿ ಕಯಾಕ್, ಕೈಯಲ್ಲಿ ಗಾಳ: ತಲೆಗೆ ಎಂಥ ಟಾರ್ಚ್?

ಪ್ರಶ್ನೆ: ನಾನು ಸಾಲಿಗ್ರಾಮದ ಕಡೆಯವನು. ಸೀತಾ ಹೊಳೆಯ ಹಿನ್ನೀರಿನಲ್ಲಿ ಕಯಾಕ್ ಮೇಲೆ ಕೂತು ಗಾಳ ಹಾಕುವ ಹುಚ್ಚು. ಬೆಳಕು ಹರಿಯುವ ಮೊದಲೇ ನೀರಿಗಿಳಿಯುತ್ತೇನೆ. ಆನ್‌ಲೈನ್‌ನಲ್ಲಿ 1,000 ಲೂಮೆನ್ ಬೆಳಕಿನ ಹೆಡ್‌ಲ್ಯಾಂಪ್ ನೋಡಿದ್ದೇನೆ. ಅದೇ ಬೆಲೆಗೆ 300 ಲೂಮೆನ್‌ನ ಇನ್ನೊಂದಿದೆ, ಅದರಲ್ಲಿ ಕೆಂಪು ದೀಪವೂ ಇದೆ. ಸಾವಿರದ್ದೇ ಒಳ್ಳೆಯದಲ್ವಾ? ಬೇರೆ ದೋಣಿಯವರಿಗೂ ನಾನು ಚೆನ್ನಾಗಿ ಕಾಣಬಹುದು.

ಉತ್ತರ: 300ರದ್ದನ್ನೇ ತಗೊಳ್ಳಿ. ಕಯಾಕ್ ಮೇಲೆ ಕೂತು ನೀವು ಬೆಳಕು ಹಾಕಿ ನೋಡುವುದೇನು ಹೇಳಿ? ಗಾಳದ ಕೊಕ್ಕೆ, ದಾರದ ಗಂಟು, ಕೆಂಬೇರಿ ಮೀನಿನ ಬಾಯಿ. ಎಲ್ಲವೂ ಕೈಗೆ ಸಿಗುವಷ್ಟು ಹತ್ತಿರದಲ್ಲೇ ಇರುತ್ತವೆ. ಅದಕ್ಕೆ 20–30 ಲೂಮೆನ್ ಧಾರಾಳ ಸಾಕು. ಸಾವಿರ ಲೂಮೆನ್ ಹಾಕಿದರೆ ಕಯಾಕಿನ ಮೂತಿಗೆ ಬಡಿದ ಬೆಳಕು ವಾಪಸ್ ನಿಮ್ಮ ಕಣ್ಣಿಗೇ ಬರುತ್ತದೆ. ಚಳಿಗಾಲದ ಮಂಜಿನಲ್ಲಂತೂ ಎದುರಿಗೆ ಬಿಳಿ ಪರದೆ ಬಿಟ್ಟು ಬೇರೇನೂ ಕಾಣದು.

ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಒಂದು ಸಲ ಜೋರು ಬೆಳಕು ಬಿದ್ದರೆ ಮತ್ತೆ ಮೊದಲಿನಿಂದ ಶುರು. ಹಾಗಾಗಿ ಟಾರ್ಚ್ ಎಷ್ಟು ಜೋರು ಅಂತ ಕೇಳುವ ಬದಲು ಎಷ್ಟು ಮಂದ ಆಗುತ್ತದೆ ಅಂತ ಕೇಳಿ. ಮಂದ ಕೆಂಪು ಬೆಳಕು ಈ ಹೊಂದಾಣಿಕೆಯನ್ನು ಅಷ್ಟಾಗಿ ಕೆಡಿಸುವುದಿಲ್ಲ, ಕೆಂಪು ದೀಪ ಇರಲಿ ಅನ್ನುವುದು ಅದಕ್ಕೇ. ಅದಕ್ಕೆ ಹೋಗುವ ದಾರಿಯೂ ಮುಖ್ಯ. ಕೆಲವದರಲ್ಲಿ ಒಂದೇ ಬಟನ್ ಇರುತ್ತದೆ. ಕೆಂಪು ದೀಪ ಬರಬೇಕಾದರೆ ಜೋರು ಬಿಳಿ, ಸಾಧಾರಣ ಬಿಳಿ, ಪಕಪಕ ಮಿನುಗುವುದು, ಎಲ್ಲ ದಾಟಬೇಕು. ಅಷ್ಟರಲ್ಲಿ ಕಣ್ಣಿನ ಕತೆ ಮುಗಿದಿರುತ್ತದೆ! ಕೆಂಪಿಗೆ ಬೇರೆ ಬಟನ್ ಇರುವುದನ್ನೇ ಹುಡುಕಿ. ಒಂದು ಎಚ್ಚರಿಕೆ: ಕೆಂಪು ಬೆಳಕಿನಲ್ಲಿ ರಕ್ತ ಸರಿಯಾಗಿ ಗುರುತು ಸಿಗುವುದಿಲ್ಲ. ಕೊಕ್ಕೆ ಬೆರಳಿಗೆ ಹೊಕ್ಕರೆ ಬಿಳಿ ದೀಪ ಹಾಕಿಯೇ ನೋಡಿ.

ನೀರಿನ ವಿಚಾರಕ್ಕೆ ಡಬ್ಬಿಯ ಮೇಲೆ ಐಪಿಎಕ್ಸ್ ಅಂಕಿ ನೋಡಿ. 4 ಅಂದರೆ ಬರೀ ಎರಚಲಿಗೆ ಮಾತ್ರ. 7 ಅಂದರೆ ಒಂದು ಮೀಟರ್ ಆಳದಲ್ಲಿ 30 ನಿಮಿಷ ತಡೆಯುತ್ತದೆ. ಕಯಾಕ್ ಮಗುಚುವ ಸಾಧ್ಯತೆ ಇದ್ದೇ ಇರುವುದರಿಂದ 7ಕ್ಕಿಂತ ಕಡಿಮೆ ಬೇಡ. ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಸರಿಯಾಗಿ ಕೂತಿದ್ದರೆ ಮಾತ್ರ ಈ ಅಂಕಿಗೆ ಬೆಲೆ. ಆ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ, ನಿಮ್ಮದು ಅಳಿವೆಯ ಉಪ್ಪುನೀರು. ಮನೆಗೆ ಬಂದ ತಕ್ಷಣ ಮುಚ್ಚಳ ಹಾಕಿಯೇ ಸಿಹಿನೀರಿನಲ್ಲಿ ತೊಳೆಯಿರಿ. ಹೆಚ್ಚಿನ ಹೆಡ್‌ಲ್ಯಾಂಪ್‌ಗಳು ತೇಲುವುದಿಲ್ಲ. ಪಟ್ಟಿಗೊಂದು ದಾರ ಕಟ್ಟಿ ಲೈಫ್ ಜಾಕೆಟ್‌ಗೆ ಸಿಕ್ಕಿಸಿ.

"40 ಗಂಟೆ ಉರಿಯುತ್ತೆ" ಅನ್ನುವುದನ್ನು ಪೂರ್ತಿ ನಂಬಬೇಡಿ. ಎಫ್‌ಎಲ್1 ಅನ್ನುವ ಟಾರ್ಚ್ ಮಾನದಂಡದ ಪ್ರಕಾರ, ಬೆಳಕು ಶುರುವಿನ ಶೇ. 10ಕ್ಕೆ ಇಳಿಯುವವರೆಗಿನ ಸಮಯವೂ ಲೆಕ್ಕಕ್ಕೆ ಬರುತ್ತದೆ.

ಇನ್ನು ಬೇರೆಯವರಿಗೆ ಕಾಣುವ ಮಾತು. ಇಲ್ಲಿ ನಿಮ್ಮ ಲೆಕ್ಕ ತಪ್ಪಿದೆ. ಹೆಡ್‌ಲ್ಯಾಂಪ್ ನೀವು ನೋಡಿದ ಕಡೆಗೆ ಮಾತ್ರ ಬೆಳಕು ಬಿಡುತ್ತದೆ, ಹಿಂದಿನಿಂದ ಬರುವ ದೋಣಿಯವನಿಗೆ ನೀವು ಇಲ್ಲವೇ ಇಲ್ಲ. ಎದುರಿಗೆ ಬರುವವನ ಮುಖಕ್ಕೆ ಸಾವಿರ ಲೂಮೆನ್ ಬಿಟ್ಟರೆ ಅವನಿಗೆ ಕಣ್ಣು ಕತ್ತಲೆ ಬಂದು ನಿಮ್ಮ ಮೇಲೇ ಬಂದಾನು. ಕೆಂಪು ದೀಪವೂ ಸಂಕೇತಕ್ಕೆ ಆಗದು, ಯಾಕೆಂದರೆ ದೋಣಿಯ ಎಡಬದಿಯ ಗುರುತು ಕೆಂಪು. 1972ರ ಅಂತರರಾಷ್ಟ್ರೀಯ ನೌಕಾ ನಿಯಮಗಳ 25ನೇ ನಿಯಮ ಹುಟ್ಟು ಹಾಕುವ ಸಣ್ಣ ದೋಣಿಗೆ ಕನಿಷ್ಠ ಒಂದು ಬಿಳಿ ಟಾರ್ಚ್ ಅಥವಾ ಲಾಟೀನು ಕೈಗೆಟಕುವಂತಿರಲಿ, ಡಿಕ್ಕಿ ತಪ್ಪಿಸಲು ಸಮಯವಿರುವಾಗಲೇ ತೋರಿಸಿ ಅನ್ನುತ್ತದೆ. ನನ್ನ ಸಲಹೆ ಇನ್ನೊಂದು ಹೆಜ್ಜೆ ಮುಂದೆ: ಸೀಟಿನ ಹಿಂದೆ ಒಂದು ಕೋಲು ನಿಲ್ಲಿಸಿ, ನಿಮ್ಮ ತಲೆಗಿಂತ ಮೇಲೆ ಸುತ್ತಲೂ ಕಾಣುವ ಬಿಳಿ ದೀಪ ಹಾಕಿ. ಹೆಡ್‌ಲ್ಯಾಂಪ್‌ನಲ್ಲಿ ಉಳಿಸಿದ ಆಸೆಯನ್ನೆಲ್ಲ ಅದರ ಮೇಲೆ ಖರ್ಚು ಮಾಡಿ.

ಪ್ರಶ್ನೆ: ನೀರಿಗೆ ಹಸಿರು ಎಲ್‌ಇಡಿ ಬಿಟ್ಟರೆ ಮೀನು ಜಾಸ್ತಿ ಬರುತ್ತವಂತೆ. ಹಾಕಬಹುದೇ? (ಕಾರವಾರದ ಓದುಗರು)

ಉತ್ತರ: ಸಣ್ಣ ಮೀನು ಬೆಳಕಿಗೆ ಸೇರುವುದು ನಿಜ, ಅದರ ಹಿಂದೆ ದೊಡ್ಡದೂ ಬರುತ್ತದೆ. ಆದರೆ ಬೆಳಕು ಮೀನುಗಾರಿಕೆಯ ಗಲಾಟೆ ನಿಮ್ಮೂರಿನವರಿಗೆ ಹೊಸತಲ್ಲ. ಎಲ್‌ಇಡಿ ಬೆಳಕಿಗೆ ಮೀನು ಸೆಳೆದು ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ನಿಷೇಧಿಸಿದೆ, ರಾಜ್ಯದಲ್ಲೂ ನಿಷೇಧವಿದೆ. ಗಂಟು ಕಟ್ಟಲು ತಲೆ ಮೇಲೆ ದೀಪ ಇರುವುದು ಬೇರೆ, ನೀರಿಗೆ ದೀಪ ಬಿಡುವುದು ಬೇರೆ. ಬೇಡ.